ಪಳಗಿಸಿದ ಕೆಸರು

ಮಾನ್ಯ ವಾಚಕ ಮಹಾಶಯರೇ, ಈ ಕಥಾನಕವನ್ನು ಕೈಗೆತ್ತಿಕೊಳ್ಳುವ ಮುನ್ನ ತಾವು ಮೂಗು ಮುಚ್ಚಿಕೊಳ್ಳುವುದು ಉಚಿತವೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳಲಾಗಿದೆ. ಇದರಲ್ಲಿ ಉದ್ಯಾನವನವಿಲ್ಲ, ಬೆಳುದಿಂಗಳಿಲ್ಲ, ನಾಯಕಿಯ ನೀಳವೇಣಿಯ ವರ್ಣನೆಯಿಲ್ಲ. ಮನುಷ್ಯನು ಪ್ರಾತಃಕಾಲದಲ್ಲಿ ವಿಸರ್ಜಿಸಿ, ನೀರು ಬಿಟ್ಟು, ಮರೆತುಬಿಡುವ ವಸ್ತುವೇ ಇಲ್ಲಿನ ವಿಷಯ. ಅದು ಎಲ್ಲಿಗೆ ಹೋಗುತ್ತದೆ, ಯಾರ ಕೈ ಸೇರುತ್ತದೆ ಎಂದು ತಾವು ಎಂದೂ ವಿಚಾರಿಸಿದವರಲ್ಲ. ವಿಚಾರಿಸದೆ ಬದುಕುವ ಸವಲತ್ತು ತಮಗಿತ್ತು. ಕೆಂಪರಾಜುವಿಗೆ ಅದಿರಲಿಲ್ಲ. ಆದ್ದರಿಂದ ಈ ಕಥೆ ಅವನದು. ಇದರೊಳಗಿನ ನಾಚಿಕೆಯೂ ಬಹುಪಾಲು ಅವನದೇ. ಉಳಿದ ಪಾಲು ಯಾರದೆಂಬುದನ್ನು ಓದಿ ಮುಗಿಸಿದ ಮೇಲೆ ತಾವೇ ತೀರ್ಮಾನಿಸತಕ್ಕದ್ದು.

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ. ಕೆಂಪರಾಜು ಬೆರ್ರಿಯೆಸಾ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ವಾಸವಾಗಿದ್ದ. ವಯಸ್ಸು ಮೂವತ್ತನಾಲ್ಕು. ಕ್ಯಾಂಪ್‌ಬೆಲ್‌ನಲ್ಲಿ ಶೇಷಾದ್ರಿಯವರು ನಡೆಸುತ್ತಿದ್ದ ಪರೀಕ್ಷಾಲಯದಲ್ಲಿ ಅವನು ಟೆಕ್ನಿಷಿಯನ್ನು. ಅವನ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಿದ್ದವರು ಅದೇ ಶೇಷಾದ್ರಿಯವರು. ಅವರು ಬೇಡವೆಂದ ದಿನ ಅವನು ಆ ದೇಶ ಬಿಡಬೇಕು. ಇದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಪ್ರತಿದಿನ ಬೆಳಗ್ಗೆ ಆರಕ್ಕೆ ಅವನು ಮುಚ್ಚಳವಿರುವ ಎರಡು ಬಕೆಟ್ಟುಗಳನ್ನು ಕಾರಿನ ಹಿಂದುಗಡೆ ಇಟ್ಟುಕೊಂಡು ಸಮುದ್ರದ ಕೊಲ್ಲಿಯ ಅಂಚಿಗೆ ಹೋಗುತ್ತಿದ್ದ. ಅಲ್ಲಿ ಉಪ್ಪಿನ ಕೊಳಗಳ ಪಕ್ಕದಲ್ಲಿ ಒಂದು ಸಣ್ಣ ಮಲಿನಜಲ ಶುದ್ಧೀಕರಣ ಸ್ಥಾವರವಿತ್ತು. ಸುತ್ತಲಿನ ಬಡಾವಣೆಗಳ ಕಕ್ಕಸಿನ ನೀರೆಲ್ಲ ಅಲ್ಲಿಗೆ ಬರುತ್ತಿತ್ತು. ಕಾಂಕ್ರೀಟು ತೊಟ್ಟಿಗಳಲ್ಲಿ ಕಂದು ಬಣ್ಣದ ಕೆಸರು ಸದಾ ಗುಳುಗುಳು ಎನ್ನುತ್ತಿತ್ತು. ಆ ಕೆಸರೆಂದರೆ ಕೋಟಿ ಕೋಟಿ ಸೂಕ್ಷ್ಮಜೀವಿಗಳು. ಕೆಳಗಿನಿಂದ ಊದಿದ ಗಾಳಿಯನ್ನು ಅವು ಉಸಿರಾಡುತ್ತಿದ್ದವು. ಊರಿನ ಹೊಲಸನ್ನು ತಿಂದು ನೀರನ್ನು ತಿಳಿಮಾಡಿ ಕೊಡುತ್ತಿದ್ದವು. ಅವು ಸತ್ತರೆ ಹೊಲಸು ಹೊಲಸಾಗಿಯೇ ಉಳಿಯುತ್ತಿತ್ತು.

ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವನು ರೊಸಾಲಿಯೊ. ಮೆಕ್ಸಿಕೋದಿಂದ ಬಂದ ಐವತ್ತರ ಗಂಡಸು. ತೊಡೆಯವರೆಗೆ ರಬ್ಬರು ಬೂಟು. ಇಬ್ಬರೂ ತಮ್ಮ ತಮ್ಮ ಮುರುಕಲು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು.

"ಬಂದೆಯಾ ರಾಜ? ನನ್ನ ಹುಳಗಳನ್ನ ಕದಿಯೋಕೆ?"

"ಎರಡೇ ಬಕೆಟ್ಟು. ಹೇಗಿವೆ ಇವತ್ತು?"

"ಸೋಮವಾರ ಅಲ್ಲವಾ? ಹೊಟ್ಟೆ ಬಿರಿಯೋ ಹಾಗಿವೆ. ನಿನ್ನೆ ಊರೆಲ್ಲ ಚೆನ್ನಾಗಿ ತಿಂದಿದೆ."

ತನ್ನದೇ ಹಳೆಯ ಹಾಸ್ಯಕ್ಕೆ ರೊಸಾಲಿಯೊ ತಾನೇ ನಗುತ್ತಿದ್ದ. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿದು, ಅದೇ ಮುಚ್ಚಳವನ್ನು ಮತ್ತೆ ತುಂಬಿ ಕೆಂಪರಾಜುವಿನ ಕೈಗೆ ಕೊಡುತ್ತಿದ್ದ. ಮೊದಲ ದಿನ ಕೆಂಪರಾಜು ಒಂದು ಕ್ಷಣ ತಡೆದ. ತಾವು ಕುಡಿದ ಮುಚ್ಚಳದಲ್ಲಿ ಅವನಿಗೆ ಈವರೆಗೆ ಯಾರೂ ಕಾಫಿ ಕೊಟ್ಟಿರಲಿಲ್ಲ. ಆಮೇಲೆ ರೂಢಿಯಾಯಿತು.

ಪರೀಕ್ಷಾಲಯಕ್ಕೆ ಬಕೆಟ್ಟು ಬರುವುದು ಹಿಂಬಾಗಿಲಿನಿಂದ. ಮುಂಬಾಗಿಲು ಗಿರಾಕಿಗಳಿಗೆ. ಕೆಸರನ್ನು ತೊಳೆಯಬೇಕು. ತಳಕ್ಕೆ ಇಳಿಯಲು ಬಿಡಬೇಕು, ಮೇಲಿನ ನೀರು ಚೆಲ್ಲಬೇಕು, ಹೊಸ ನೀರು ಹೊಯ್ಯಬೇಕು. ಹೀಗೆ ಮೂರು ಸಲ. ಅನಂತರ ಅದಕ್ಕೆ ಉಣಿಸಬೇಕು. ಕೃತಕ ಮಲಿನಜಲ ಎಂಬ ಒಂದು ಅಡುಗೆಯಿದೆ. ಪೆಪ್ಟೋನು, ಯೂರಿಯಾ, ಉಪ್ಪುಗಳು, ಗೋಮಾಂಸದ ಸಾರ. ಆ ಮಾಂಸಸಾರದ ಜಾಡಿಯನ್ನು ಶೇಷಾದ್ರಿಯವರು ಮುಟ್ಟುತ್ತಿರಲಿಲ್ಲ. ಅದಿದ್ದ ಕಪಾಟಿನ ಬಾಗಿಲನ್ನು ಕೂಡ ಮುಟ್ಟುತ್ತಿರಲಿಲ್ಲ. "ಅದೆಲ್ಲ ನೀನೇ ನೋಡ್ಕೊಳಪ್ಪ," ಎನ್ನುತ್ತಿದ್ದರು. ಬಕೆಟ್ಟೂ ಅವನೇ, ಜಾಡಿಯೂ ಅವನೇ. ಸಂಜೆ ಹಿಂಬದಿಯ ರಬ್ಬರು ಪೈಪಿನಲ್ಲಿ ಕೈಕಾಲು ತೊಳೆದುಕೊಂಡೇ ಒಳಗೆ ಬರತಕ್ಕದ್ದು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕಂದು ಗೆರೆ ಉಳಿಯುತ್ತಿತ್ತು.

ಪರೀಕ್ಷೆ ಸರಳವಾದುದು. ಕಾರ್ಖಾನೆಗಳು ತಮ್ಮ ರಾಸಾಯನಿಕವನ್ನು ಚರಂಡಿಗೆ ಬಿಡುವ ಮೊದಲು ಅದು ಈ ಜೀವಿಗಳನ್ನು ಕೊಲ್ಲುವುದಿಲ್ಲವೆಂದು ಒಳಚರಂಡಿ ಕಚೇರಿಗೆ ತೋರಿಸಬೇಕು. ಕೆಸರಿಗೆ ಊಟ ಹಾಕಿ, ರಾಸಾಯನಿಕ ಬೆರೆಸಿ, ಮೂರು ಗಂಟೆ ಗಾಳಿ ಊದಿ, ಸೀಸೆಗೆ ತುಂಬಿ ಆಮ್ಲಜನಕ ಅಳೆಯುವ ಒಂದು ಮುಳ್ಳನ್ನು ಇಳಿಬಿಡುತ್ತಾರೆ. ಜೀವಿಗಳು ಉಸಿರಾಡಿದಂತೆಲ್ಲ ನೀರಿನ ಆಮ್ಲಜನಕ ಕಡಿಮೆಯಾಗಿ ಯಂತ್ರದ ಕಾಗದದ ಮೇಲೆ ಗೆರೆ ಇಳಿಯುತ್ತದೆ. ಗೆರೆ ಇಳಿದರೆ ಬದುಕಿವೆ. ಗೆರೆ ಅಡ್ಡಕ್ಕೆ ಮಲಗಿದರೆ ಸತ್ತಿವೆ. ನಿಯಮ ಒಂದೇ: ಕೆಸರು ಹೊಸದಾಗಿರಬೇಕು, ಆ ರಾಸಾಯನಿಕವನ್ನು ಮೊದಲು ಕಂಡಿರಬಾರದು.

ಕೆಂಪರಾಜುವಿನ ಊರು ಮಂಡ್ಯ ಸೀಮೆಯ ಒಂದು ಪುರಸಭೆ. ಜಾಡಮಾಲಿಗಳ ಕೇರಿ. ತಾಯಿ ಸಣ್ಣತಾಯಮ್ಮ ಇಪ್ಪತ್ತು ವರ್ಷ ಊರಿನ ಹೇಲನ್ನು ಮಂಕರಿಯಲ್ಲಿ ಹೊತ್ತವಳು. ಮಳೆಗಾಲದಲ್ಲಿ ಮಂಕರಿ ಸೋರುತ್ತಿತ್ತು. ಹಣೆ, ಕಿವಿ, ಕತ್ತು, ರವಿಕೆ. ಅವಳು ಬೂದಿಯಲ್ಲಿ ಕೈ ಉಜ್ಜಿಕೊಂಡು ಉಣ್ಣಲು ಕೂರುತ್ತಿದ್ದಳು, ಆದರೆ ಕೈಯನ್ನು ಬಾಯಿಗೆ ತರುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಅವನು ಬೊಂಬಾಯಿಯ ಬಣ್ಣದ ಗಿರಣಿಯೊಂದರಲ್ಲಿ ನೀರು ಪರೀಕ್ಷಿಸುತ್ತಿದ್ದಾಗ ತೀರಿಕೊಂಡಳು. ಆಮೇಲೆ ಅವನು ಒಂದು ಕಡೆ ನಿಲ್ಲಲಿಲ್ಲ. ಬೊಂಬಾಯಿಯಿಂದ ಮಸ್ಕತ್ತು, ಮಸ್ಕತ್ತಿನಿಂದ ಕುವೈತು, ಅಲ್ಲಿಂದ ಇಲ್ಲಿಗೆ. ಎಲ್ಲ ಕಡೆಯೂ ನೀರು, ಎಲ್ಲ ಕಡೆಯೂ ಬಾಡಿಗೆಯ ಕೋಣೆ. ಪೆಟ್ಟಿಗೆಯಲ್ಲಿ ಮಾತ್ರ ಕಾದಂಬರಿಗಳು. ಬಸ್ ನಿಲ್ದಾಣದಲ್ಲಿ ಕೊಂಡ ರಟ್ಟು ಹರಿದ ಅಗ್ಗದ ಕಾದಂಬರಿಗಳು. ಪತ್ತೇದಾರರು, ಅರಮನೆಗಳು, ಕುದುರೆ ಸವಾರರು, ಕೊನೆಯ ಪುಟದಲ್ಲಿ ಸಿಕ್ಕಿಬೀಳುವ ಖಳರು. ಶಾಲೆಯ ಮೇಷ್ಟ್ರು ಕೇರಿಯ ಹುಡುಗರನ್ನು ಗೋಡೆಯ ಆಚೆ ಕೂರಿಸಿದ್ದರು. ಕನ್ನಡವನ್ನು ಅವನು ಆ ಕಾದಂಬರಿಗಳಿಂದಲೇ ಕಲಿತ. ಆದ್ದರಿಂದ ಅವನ ಮಾತು ಅಚ್ಚಾದ ಪುಸ್ತಕದಂತಿತ್ತು.

ಆ ಮಾತೇ ಅವನನ್ನು ಕೆಡವಿತು.

ಜನವರಿಯ ಒಂದು ಭಾನುವಾರ ಶೇಷಾದ್ರಿಯವರ ಲಾಸ್ ಆಲ್ಟೋಸ್‌ನ ಮನೆಯಲ್ಲಿ ಮಧ್ಯಾಹ್ನದ ಊಟ. ಅವರ ಹೆಂಡತಿ ಪದ್ಮಜಾ ಮೈಸೂರಿನವರು. ಮಗಳು ಊರ್ಮಿಳಾಗೆ ಹನ್ನೊಂದು ವರ್ಷ.

"ಬನ್ನಿ ಬನ್ನಿ, ಶೂಸು ಅಲ್ಲೇ ಬಿಡಿ. ನೀವು ತುಂಬ ಓದ್ತೀರಂತಲ್ಲ?"

"ಅಲ್ಪಸ್ವಲ್ಪ. ಸಮಯ ದೊರೆತಾಗ ಕಾದಂಬರಿಗಳನ್ನು ಓದುತ್ತೇನೆ."

ಪದ್ಮಜಾ ಕೈತಟ್ಟಿದರು. "ಅಯ್ಯೋ, ಕೇಳಿದ್ರಾ ಕನ್ನಡಾನ! 'ಸಮಯ ದೊರೆತಾಗ' ಅಂತೆ! ನಮ್ಮ ಊರ್ಮಿಳಾಗೆ ಹಾಲು ಅನ್ನೋಕೂ ಬರಲ್ಲ."

"ಐ ಕ್ಯಾನ್ ಸೇ ಹಾಲು, ಅಮ್ಮ."

"ಸಾಕು, ಸುಮ್ನಿರು. ಅಲ್ಲಾ, ಕೆಂಪರಾಜು ಅಂದ್ರೆ... ನೀವು ಅರಸುಗಳಾ? ಅರಮನೆ ಕಡೆಯವರಾ? ನಾನು ಬೆಳೆದಿದ್ದೇ ಅರಮನೆ ಪಕ್ಕ. ನಮ್ಮ ಬೀದೀಲಿ ಇದ್ರು ಅರಸುಗಳು. ಅವರ ಮಾತೇ ಬೇರೆ, ಹೀಗೇ, ನಿಮ್ಮ ಥರ."

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅವನ ನಾಲಿಗೆಯ ತುದಿಯಲ್ಲಿ ಅದಿತ್ತು ಕೂಡ. ಆದರೆ ಆ ಹೆಂಗಸು ಅವನನ್ನು ನೋಡಿದ ರೀತಿಯಲ್ಲಿ ಈವರೆಗೆ ಯಾರೂ ನೋಡಿರಲಿಲ್ಲ.

"ಹೌದು," ಎಂದ. "ದೂರದ ಸಂಬಂಧ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮ ತಾತನವರು ಅರಮನೆಯ ಅಶ್ವಶಾಲೆಯ ಮೇಲ್ವಿಚಾರಕರಾಗಿದ್ದರು." ಇದು ರಟ್ಟಿಲ್ಲದ ಒಂದು ಕಾದಂಬರಿಯ ಮೂರನೆಯ ಅಧ್ಯಾಯದಿಂದ ಬಂದದ್ದು. ಕುದುರೆಯ ಹೆಸರನ್ನೂ ಹೇಳಿದ. ಅದರ ಹಣೆಯ ಬಿಳಿ ಮಚ್ಚೆಯನ್ನೂ ಹೇಳಿದ.

"ರೀ, ನೀವು ಹೇಳ್ಲೇ ಇಲ್ವಲ್ರೀ ಇದನ್ನ!" ಎಂದು ಪದ್ಮಜಾ ಗಂಡನ ಕಡೆ ತಿರುಗಿದರು.

ಶೇಷಾದ್ರಿಯವರು ಅನ್ನದ ಮೇಲೆ ತುಪ್ಪ ಹಾಕಿಕೊಳ್ಳುತ್ತಿದ್ದರು. ಕೆಂಪರಾಜುವಿನ ಪ್ರಮಾಣಪತ್ರಗಳೆಲ್ಲ ಅವರ ಮೇಜಿನಲ್ಲಿದ್ದವು. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದ ಪತ್ರವೂ ಇತ್ತು. ಅವರು ಮುಗುಳ್ನಕ್ಕರು. "ಈಗ ಗೊತ್ತಾಯ್ತಲ್ಲ. ಬಡಿಸು ಅವರಿಗೆ."

ಪದ್ಮಜಾ ಬಡಿಸಿದರು. "ನೀವು ನಾನ್‌ವೆಜ್ಜು ತಿನ್ನೋರು, ನಮ್ಮ ಹುಳಿ ಸಪ್ಪೆ ಅನ್ನಿಸ್ಬಹುದು." ಅಡುಗೆಮನೆಯೊಳಗೆ ಕರೆದು ಮೈಸೂರಿನಿಂದ ತರಿಸಿದ್ದ ಕಾಫಿ ಫಿಲ್ಟರನ್ನು ತೋರಿಸಿದರು. ಕೆಂಪರಾಜು ಎರಡು ಸಲ ಹಾಕಿಸಿಕೊಂಡು ಉಂಡ. ಕುದುರೆ ಲಾಯದ ತಾತನಿಗೆ ಒಬ್ಬಳು ಮಗಳೋ ಸೊಸೆಯೋ ಇದ್ದಿರಬೇಕು, ಆಕೆ ತನ್ನ ತಾಯಿಯಾಗಿರಬೇಕು ಎಂಬ ಲೆಕ್ಕ ಅವನಿಗೆ ಕಾರು ಹತ್ತಿದ ಮೇಲೆ ಹೊಳೆಯಿತು. ತಾಯಿಯನ್ನು ಅವನು ಒಂದು ಊಟದ ಹೊತ್ತಿನಲ್ಲಿ ಅಳಿಸಿಹಾಕಿದ್ದ.

ಮರುದಿನದಿಂದ ಒಂದು ಹೊಸ ದ್ರವದ ಪರೀಕ್ಷೆ. ಕಂಪ್ಯೂಟರಿನೊಳಗಿನ ಸರ್ಕ್ಯೂಟ್ ಹಲಗೆಗಳನ್ನು ತೊಳೆಯುವ ದ್ರವ. ಸೀಸೆಯ ಮೇಲೆ ಬರಿಯ ನಲವತ್ತೊಂದು ಎಂಬ ಅಂಕೆ. ಕೊಳೆತ ಅನಾನಸಿನಂಥ ವಾಸನೆ. ಅದನ್ನು ತಯಾರಿಸುತ್ತಿದ್ದ ಕಂಪನಿ ಪರೀಕ್ಷಾಲಯದ ಅತಿ ದೊಡ್ಡ ಗಿರಾಕಿ. ಕೆಂಪರಾಜು ಮೂರು ದಿನ ಮೂರು ಸಲ ಪರೀಕ್ಷಿಸಿದ. ಒಂದು ಲೀಟರಿಗೆ ಎಂಟು ಮಿಲಿಗ್ರಾಂ ಬೆರೆಸಿದೊಡನೆ ಅರ್ಧದಷ್ಟು ಉಸಿರು ನಿಂತಿತು. ಇಪ್ಪತ್ತಕ್ಕೆ ಗೆರೆ ಮಲಗಿತು.

ಶೇಷಾದ್ರಿಯವರು ಕಾಗದ ನೋಡಿ ಕನ್ನಡಕ ತೆಗೆದರು.

"ಇದನ್ನ ಕಳಿಸೋ ಹಾಗಿಲ್ಲ."

"ಫಲಿತಾಂಶ ಸರಿಯಾಗಿದೆ ಸಾರ್. ಮೂರು ಬಾರಿ ಮಾಡಿದ್ದೇನೆ."

"ಸರಿ ಇಲ್ಲ ಅಂತ ಯಾರಂದ್ರು? ಒಂದು ಬೇರೆ ಜಾಡಿ ಇಡು. ಅದಕ್ಕೆ ದಿನಾ ಊಟದ ಜೊತೆ ಈ ದ್ರವ ಒಂದ್ ಒಂದ್ ತೊಟ್ಟು ಹಾಕು. ಮೊದಲು ಅರ್ಧ ಮಿಲಿಗ್ರಾಂ. ನಾಲ್ಕು ದಿನಕ್ಕೆ ಒಂದು. ಹಾಗೇ ಏರಿಸ್ತಾ ಹೋಗು. ಆರು ವಾರದಲ್ಲಿ ಹುಳಗಳು ಒಗ್ಗಿಕೊಳ್ತವೆ. ಆಮೇಲೆ ಆ ಕೆಸರಲ್ಲಿ ಟೆಸ್ಟು ಮಾಡು."

"ಆದರೆ ಹೊಸ ಕೆಸರೇ ಆಗಿರಬೇಕೆಂದು ನಿಯಮವಿದೆ."

"ರಿಪೋರ್ಟಲ್ಲಿ ಹೊಸದು ಅಂತಲೇ ಬರಿ."

ಶೇಷಾದ್ರಿಯವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಹಳ ಮೃದುವಾಗಿ ಹೇಳಿದರು: "ಪದ್ಮಜಾ ನಿಮ್ಮ ತಾತನ ಕುದುರೆ ಕಥೆ ಎಲ್ಲರಿಗೂ ಫೋನ್ ಮಾಡಿ ಹೇಳ್ತಿದ್ದಾಳೆ. ತುಂಬ ಖುಷಿಯಾಗಿದ್ದಾಳೆ. ನಾನು ಏನೂ ಹೇಳಿಲ್ಲ. ಹೇಳೋದೂ ಇಲ್ಲ. ಒಬ್ಬರ ಮಾನ ಇನ್ನೊಬ್ಬರು ಕಾಪಾಡಬೇಕು, ಅಲ್ವಾ?"

ಬೆದರಿಕೆ ಇಷ್ಟು ಮೆತ್ತಗಿರುತ್ತದೆಂದು ಯಾವ ಕಾದಂಬರಿಯೂ ಅವನಿಗೆ ತಿಳಿಸಿರಲಿಲ್ಲ.

ಅವನು ಜಾಡಿ ಇಟ್ಟ. ಪ್ರತಿದಿನ ಉಣಿಸಿದ. ಪ್ರತಿದಿನ ವಿಷ ಹಾಕಿದ. ಮೊದಲ ವಾರ ಕೆಸರು ಬೆಳ್ಳಗೆ ತೇಲಿತು, ನಾರಿತು, ಮುಕ್ಕಾಲು ಪಾಲು ಸತ್ತಿತು. ಸತ್ತದ್ದನ್ನು ಸೋಸಿ ಚೆಲ್ಲಿದ. ಉಳಿದದ್ದು ಬೆಳೆಯಿತು. ಅದಕ್ಕೆ ಇನ್ನಷ್ಟು ಹಾಕಿದ. ಆರನೆಯ ವಾರ ನೂರು ಮಿಲಿಗ್ರಾಮಿನಲ್ಲಿಯೂ ಆ ಕೆಸರು ಏನೂ ಆಗದಂತೆ ಉಸಿರಾಡುತ್ತಿತ್ತು. ಗೆರೆ ಚೆಂದವಾಗಿ ಇಳಿಯಿತು. ಕೆಂಪರಾಜು ಅದನ್ನು ನೋಡುತ್ತ ನಿಂತ. ಎಷ್ಟು ಸುರಿದರೂ ಕೂಗದ ಜೀವವನ್ನು ತಯಾರಿಸುವ ವಿದ್ಯೆ ಅವನಿಗೆ ಹೊಸದಾಗಿರಲಿಲ್ಲ. ತನ್ನ ಕೇರಿಯಲ್ಲಿ ಅದನ್ನು ನೋಡಿದ್ದ. ಈಗ ತಾನೇ ಅದರ ಕಸುಬುದಾರನಾಗಿದ್ದ.

ವರದಿಯಲ್ಲಿ 'ಅಂದೇ ಸ್ಥಾವರದಿಂದ ತಂದ ಹೊಸ ಕೆಸರು' ಎಂದು ಬರೆದ. ಕೆಳಗೆ ಸಹಿ ಹಾಕಿದ. ಒಳಚರಂಡಿ ಕಚೇರಿಯವರು ವರದಿ ನಂಬಿದರು. ದ್ರವವನ್ನು ಚರಂಡಿಗೆ ಬಿಡಲು ಕಂಪನಿಗೆ ಅನುಮತಿ ದೊರೆಯಿತು.

ಜೂನ್ ತಿಂಗಳ ಒಂದು ಸೋಮವಾರ. ಸ್ಥಾವರದ ಗೇಟಿನಲ್ಲಿಯೇ ಅವನ ಮೂಗಿಗೆ ಹೆಣದ ವಾಸನೆ ಬಡಿಯಿತು. ಅದರ ಒಳಗೆ ಇನ್ನೊಂದು ವಾಸನೆ. ಕೊಳೆತ ಅನಾನಸು.

ತೊಟ್ಟಿಗಳು ಗುಳುಗುಳು ಎನ್ನುತ್ತಿದ್ದವು, ಆದರೆ ಬರಿಯ ಗಾಳಿ. ಮೇಲೆ ಬೂದಿ ಬಣ್ಣದ ನೊರೆ ಗೇಣುದ್ದ ನಿಂತಿತ್ತು. ಒಂದು ತೊಟ್ಟಿಯ ನೀರು ತೆಗೆದಿದ್ದರು. ತಳದಲ್ಲಿ ಸತ್ತ ಕೆಸರು ಮೊಣಕಾಲಿನವರೆಗೆ. ಅದರಲ್ಲಿ ನಾಲ್ವರು ಇಳಿದಿದ್ದರು. ಸಲಿಕೆಯಲ್ಲಿ ಬಾಚಿ ಬಾಚಿ ತೊಟ್ಟಿಲಿನಂಥ ಕಬ್ಬಿಣದ ಬುಟ್ಟಿಗೆ ತುಂಬುತ್ತಿದ್ದರು. ಮೇಲಿನವರು ಸರಪಳಿಯಿಂದ ಎಳೆಯುತ್ತಿದ್ದರು. ಎಳೆಯುವಾಗ ಬುಟ್ಟಿ ಸೋರುತ್ತಿತ್ತು. ಕೆಳಗಿದ್ದವರ ತಲೆಯ ಮೇಲೆ, ಕಿವಿಯ ಮೇಲೆ, ಕತ್ತಿನೊಳಗೆ.

ಕೆಂಪರಾಜು ತೊಟ್ಟಿಯ ಅಂಚಿನವರೆಗೆ ನಡೆದ. ಕಂಬಿಯನ್ನು ಹಿಡಿದುಕೊಂಡ.

ರೊಸಾಲಿಯೊ ಏಣಿ ಹತ್ತಿ ಬಂದ. ಕಣ್ಣು ಕೆಂಡದಂತೆ. ಕೈತೋಳಿನಲ್ಲಿ ಕೆಂಪು ಗುಳ್ಳೆಗಳು.

"ಸತ್ತವು ರಾಜ. ಎಲ್ಲ ಸತ್ತವು. ಶುಕ್ರವಾರ ಪೈಪಿನಲ್ಲಿ ಏನೋ ಬಂತು. ಹನ್ನೊಂದು ವರ್ಷ ಸಾಕಿದ ಹುಳಗಳು. ನನ್ನ ಭಾವಮೈದ ಮೊದಲು ಇಳಿದ. ತೊಟ್ಟಿಯಲ್ಲಿ ಗಾಳಿ ಕೆಟ್ಟಿತ್ತು. ಬಿದ್ದುಬಿಟ್ಟ. ಆಸ್ಪತ್ರೆಯಲ್ಲಿದ್ದಾನೆ."

"ಬದುಕುತ್ತಾನಾ?"

"ಬದುಕುತ್ತಾನೆ ಅಂತಾರೆ. ಉಸಿರು ಇನ್ನೂ ಸರಿ ಇಲ್ಲ." ರೊಸಾಲಿಯೊ ಮುಖ ಒರೆಸಿಕೊಂಡ. ಒರೆಸಿದ್ದರಿಂದ ಇನ್ನಷ್ಟು ಮೆತ್ತಿತು. "ನೀನು ಓದಿದವನು. ಹೇಳು, ಏನು ಕೊಲ್ಲುತ್ತೆ ಹೀಗೆ?"

ಕೆಂಪರಾಜುವಿಗೆ ಉತ್ತರ ಗೊತ್ತಿತ್ತು. ಎಷ್ಟು ಮಿಲಿಗ್ರಾಮಿಗೆ ಎಷ್ಟು ಸಾಯುತ್ತವೆಂಬುದೂ ಗೊತ್ತಿತ್ತು.

"ಗೊತ್ತಿಲ್ಲ," ಎಂದ.

ರೊಸಾಲಿಯೊ ತಲೆಯಾಡಿಸಿದ. ನಂಬಿದ. ಮತ್ತೆ ಏಣಿ ಇಳಿದ.

ಆ ವಾರದಲ್ಲಿಯೇ ಒಳಚರಂಡಿ ಕಚೇರಿಯವರು ಅನುಮಾನ ಪಟ್ಟು ನಲವತ್ತೊಂದನ್ನು ಇನ್ನೊಮ್ಮೆ ಪರೀಕ್ಷಿಸಲು ಬರೆದರು. ಹದಿನೆಂಟನೆಯ ತಾರೀಕು ವಿಚಾರಣೆ. ಶೇಷಾದ್ರಿಯವರು ಜಾಡಿಯ ಬಗ್ಗೆ ಮಾತ್ರ ಕೇಳಿದರು. "ಇನ್ನೂ ಉಣಿಸ್ತಿದ್ದೀಯ ತಾನೆ? ಅದರಲ್ಲೇ ಮಾಡು. ಭಾನುವಾರ ರಿಪೋರ್ಟು ಮನೆಗೆ ತಗೊಂಡ್ ಬಾ, ಸಹಿ ಮಾಡಿ ಮುಗಿಸೋಣ. ಊಟಕ್ಕೂ ಆಯ್ತು."

ಭಾನುವಾರ ಕೆಂಪರಾಜು ಲಾಸ್ ಆಲ್ಟೋಸ್‌ಗೆ ಹೋದ. ಊಟ ಮುಗಿಯಿತು. ಪದ್ಮಜಾ ಮುಂದಿನ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಸ್ವಾಗತ ಭಾಷಣ ಅವನೇ ಮಾಡಬೇಕೆಂದು ಹಟ ಹಿಡಿದಿದ್ದರು. ಅವರು ಪಾಯಸ ತರಲು ಒಳಗೆ ಹೋದಾಗ ಶೇಷಾದ್ರಿಯವರು ಪೆನ್ನು ಮುಂದಿಟ್ಟರು.

"ಎಲ್ಲಿ ರಿಪೋರ್ಟು?"

ಕೆಂಪರಾಜು ಕಾಗದ ತೆಗೆದಿಟ್ಟ. ಎರಡು ಗೆರೆಗಳಿದ್ದವು. ಒಂದರ ಕೆಳಗೆ 'ಬೇರೆ ಸ್ಥಾವರದಿಂದ ತಂದ ಹೊಸ ಕೆಸರು', ಇನ್ನೊಂದರ ಕೆಳಗೆ 'ಆರು ವಾರ ವಿಷವುಣಿಸಿ ಪಳಗಿಸಿದ ಕೆಸರು'.

ಶೇಷಾದ್ರಿಯವರ ಮುಖ ಬಿಗಿಯಿತು. "ಏನಿದು?"

"ನಡೆದದ್ದು. ಸುಳ್ಳು ವರದಿಗೆ ಇನ್ನೊಮ್ಮೆ ನಾನು ಸಹಿ ಹಾಕುವುದಿಲ್ಲ ಸಾರ್. ಅಲ್ಲಿ ಮನುಷ್ಯರು ಬಿದ್ದಿದ್ದಾರೆ. ನಾಲ್ವರು ಮೊಣಕಾಲುದ್ದದ ಹೊಲಸಿನಲ್ಲಿ..."

"ಅದು ಅವರ ಕೆಲಸ. ಅದಕ್ಕೇ ಇರೋದು ಅವರು. ಹುಳಗಳೂ ಅಷ್ಟೇ, ಇನ್ನೆರಡು ತಿಂಗಳಿಗೆ ಒಗ್ಗಿಕೊಳ್ತವೆ." ಆಮೇಲೆ ದನಿ ತಗ್ಗಿಸಿ ನಕ್ಕು ಹೇಳಿದರು: "ಒಗ್ಗಿಕೊಳ್ಳೋದು ಅಂದ್ರೆ ಏನು ಅಂತ ನಿಮ್ಮೋರಿಗೆ ನಾನು ಹೇಳಿಕೊಡಬೇಕಾ?"

ಇನ್ನು ಮುಂದೆ ಈ ಕಥೆಯಲ್ಲಿ ಆತನಿಗೆ ಬಹುವಚನ ಸಲ್ಲದು.

"ಸಹಿ ಹಾಕು," ಎಂದ ಶೇಷಾದ್ರಿ. "ಇಲ್ಲಾಂದ್ರೆ ತನ್ನ ಅಡುಗೆಮನೆಗೆ ಯಾರು ಬಂದಿದ್ರು ಅಂತ ಅವಳಿಗೆ ಗೊತ್ತಾಗತ್ತೆ. ಅರ್ಜಿ ನಾಳೆಯೇ ವಾಪಸ್ಸು ತಗೋತೀನಿ."

ಪದ್ಮಜಾ ಪಾಯಸದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಿಂದೆ ಊರ್ಮಿಳಾ. "ಏನ್ರೀ ಅದು, ಏನು ಗೊತ್ತಾಗತ್ತೆ?"

ಕೆಂಪರಾಜು ಎದ್ದ. ಮಾತಾಡಲು ಬಾಯಿ ತೆರೆದಾಗ ಕಾದಂಬರಿಗಳ ಕನ್ನಡ ಬರಲಿಲ್ಲ. ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಕೇರಿಯ ಮಾತು ಬಂತು.

"ನಾನು ಅರಸು ಅಲ್ಲ ಕಣಮ್ಮ. ನಮ್ ತಾತುಂಗೆ ಯಾವ ಕುದ್ರೆನೂ ಇರ್ನಿಲ್ಲ. ನಮ್ಮವ್ವ ಹೇಲು ಹೊರೋಳು. ಇಪ್ಪತ್ತೊರ್ಸ ಹೊತ್ಲು. ಸಣ್ಣತಾಯಿ ಅಂತವ ಅವಳ ಹೆಸ್ರು. ಈ ಮನೇಲಿ ಕುಂತು ಎರಡು ತುತ್ತು ಅನ್ನುಕ್ಕೆ ಅವಳನ್ನ ಇಲ್ಲ ಅಂದ್ಬುಟ್ಟೆ. ನಿಮ್ ಯಜಮಾನ್ರಿಗೆ ಮೊದ್ಲಿಂದ್ಲೂ ಗೊತ್ತಿತ್ತು. ಅದ್ನೇ ಹಿಡ್ಕಂಡು ಸುಳ್ಳು ಕಾಗ್ದುಕ್ಕೆ ಸಹಿ ಹಾಕುಸ್ದ. ನಾನೂ ಹಾಕ್ದೆ. ಹಾಕಬಾರ್ದಿತ್ತು. ಇನ್ ಹಾಕಾಕಿಲ್ಲ."

ಪದ್ಮಜಾ ಬಟ್ಟಲನ್ನು ಮೇಜಿನ ಮೇಲಿಟ್ಟರು. ಅವರ ಕಣ್ಣು ಅವನ ಕೈಗಳ ಮೇಲೆ ಬಿದ್ದು ಅಲ್ಲಿಯೇ ನಿಂತಿತು.

"ಅದೆಲ್ಲ ನಾವು ನೋಡಲ್ಲ," ಎಂದರು ಕೊನೆಗೆ. "ಈ ದೇಶದಲ್ಲಿ ಯಾರು ಅದನ್ನೆಲ್ಲ ನೋಡ್ತಾರೆ? ನನ್ನ ಹತ್ರ ಸುಳ್ಳು ಹೇಳಿದ್ರಲ್ಲ, ಅದಕ್ಕೆ ಬೇಜಾರು, ಅಷ್ಟೇ."

"ನಿಜ ಹೇಳಿದ್ರೆ ಕರೀತಿದ್ರಾ ಒಳಿಕ್ಕೆ?"

"ಸೋ ವಾಟ್, ಅಮ್ಮ?" ಎಂದಳು ಊರ್ಮಿಳಾ. "ವೈ ಈಸ್ ಎವ್ರಿಬಡಿ ಮ್ಯಾಡ್?" "ನೀನು ರೂಮಿಗೆ ಹೋಗು," ಎಂದು ತಾಯಿ ಗದರಿದರು. ಆಮೇಲೆ ಉಂಡ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಒಳಗೆ ಒಯ್ದರು. ಗಂಡನದು, ಮಗಳದು, ತಮ್ಮದು. ಒಂದು ತಟ್ಟೆ ಮೇಜಿನ ಮೇಲೆಯೇ ಉಳಿಯಿತು.

ಆಕೆ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಅವನು ನಿಜವಾಗಿಯೂ ಸುಳ್ಳು ಹೇಳಿದ್ದ. ಅದೇ ಅವನನ್ನು ಹೆಚ್ಚು ಸುಟ್ಟಿತು. ಸಿಟ್ಟನ್ನು ಸಲೀಸಾಗಿ ಅವರ ಮೇಲೆ ಎಸೆದು ಹೊರಡುವ ಹಕ್ಕನ್ನೂ ಅವನು ತಾನೇ ಕಳೆದುಕೊಂಡಿದ್ದ. ಕಾಗದವನ್ನು ಜೇಬಿಗಿಟ್ಟುಕೊಂಡು ಹೊರಗೆ ಬಂದ. ಹಿಂದಿನಿಂದ ಶೇಷಾದ್ರಿ ಏನೋ ಕೂಗುತ್ತಿದ್ದ. ಇವನು ತಿರುಗಿ ನೋಡಲಿಲ್ಲ.

ಅಲ್ಲಿಂದ ನೇರವಾಗಿ ಸ್ಥಾವರಕ್ಕೆ ಹೋದ. ಭಾನುವಾರವಾದರೂ ಕೆಲಸ ನಿಂತಿರಲಿಲ್ಲ. ಎರಡನೆಯ ತೊಟ್ಟಿಯನ್ನು ಬಾಚುತ್ತಿದ್ದರು. ರೊಸಾಲಿಯೊ ದಡದಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ಕೆಂಪರಾಜು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಜಾಡಿ, ತೊಟ್ಟು ತೊಟ್ಟು ವಿಷ, ಸಹಿ. ಅಂದು ಗೊತ್ತಿಲ್ಲ ಎಂದದ್ದು.

ರೊಸಾಲಿಯೊ ಅಗಿಯುವುದನ್ನು ನಿಲ್ಲಿಸಿದ.

"ನನ್ನ ಹುಳಗಳನ್ನೇ ಒಯ್ದು ಮಾಡಿದೆಯಾ ಅದನ್ನ?"

"ಹೌದು."

"ನಾನು ಕೊಟ್ಟ ಕಾಫಿ ಕುಡಿದುಕೊಂಡು?"

"ಹೌದು."

ರೊಸಾಲಿಯೊ ತನ್ನ ಭಾಷೆಯಲ್ಲಿ ಬೈದ. ಅರ್ಥವಾಗದಿದ್ದರೂ ಪ್ರತಿಯೊಂದು ಮಾತೂ ಕೆಂಪರಾಜುವಿಗೆ ತಲುಪಿತು. ಹೊಡೆದರೆ ಹೊಡೆಯಲಿ ಎಂದು ನಿಂತಿದ್ದ. ಹೊಡೆಯಲಿಲ್ಲ. ಕೆಂಪರಾಜು ಬಗ್ಗಿ ಗೋಡೆಗೊರಗಿಸಿದ್ದ ಸಲಿಕೆಯನ್ನು ಎತ್ತಿಕೊಂಡ. ಶೂಸು ಬಿಚ್ಚಿ ಏಣಿಯ ಕಡೆ ನಡೆದ. ಅಂಥ ಕೆಲಸ ಅವನಿಗೆ ಬರುತ್ತಿತ್ತು. ರಕ್ತದಲ್ಲಿಯೇ ಇದೆಯೆಂದು ಅವನ ಊರಿನವರು ಹೇಳುತ್ತಿದ್ದರಲ್ಲ.

ರೊಸಾಲಿಯೊ ಸಲಿಕೆಯನ್ನು ಕಿತ್ತುಕೊಂಡ.

"ಬೇಡ. ಇದರೊಳಗೆ ಇಳಿದು ಸಂಜೆಗೆ ಹಗುರಾಗಿ ಮನೆಗೆ ಹೋಗೋಣ ಅಂತಲಾ? ಬಾಚೋಕೆ ನಾವಿದ್ದೀವಿ. ಬಾಚೋಕೆ ಯಾವಾಗಲೂ ಯಾರಾದರೂ ಇರುತ್ತಾರೆ. ಇದನ್ನ ಮಾಡಿಸಿದವನು ಯಾರು, ಏನು ಮಾಡಿದ ಅಂತ ಬರೆಯೋಕೆ ಯಾರಿದ್ದಾರೆ? ನಾನು ಬರೆದರೆ ನಂಬುತ್ತಾರಾ? ನೀನು ಬರಿ."

ಶೆಡ್ಡಿನಿಂದ ಸ್ಥಾವರದ ದಿನಚರಿ ಪುಸ್ತಕವನ್ನು ತಂದು ಅವನ ಎದೆಗೆ ತಳ್ಳಿದ. ಕೆಂಪರಾಜು ದಡದಲ್ಲಿ ಕುಳಿತು ಬರೆದ. ದ್ರವದ ಅಂಕೆ, ತಾರೀಕುಗಳು, ಜಾಡಿ, ಯಾರು ಹೇಳಿದರು, ಯಾರು ಮಾಡಿದರು. ಮಾಡಿದವನ ಹೆಸರನ್ನು ಮೊದಲು ಬರೆದ. ಹೇಳಿದವನ ಹೆಸರನ್ನು ಅದರ ಕೆಳಗೆ. ನಾಲ್ಕು ಪುಟವಾಯಿತು. ಎರಡು ಗೆರೆಗಳಿದ್ದ ಕಾಗದವನ್ನು ಅದಕ್ಕೆ ಪಿನ್ನು ಹಾಕಿ ಸೇರಿಸಿದ. ರೊಸಾಲಿಯೊ ಬೆರಳಿಟ್ಟು ನಿಧಾನವಾಗಿ ಓದಿದ. ಓದಿ ಮುಗಿಸಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಕೈ ಕುಲುಕಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಮೂರು ದಿನದ ಮೇಲೆ ವಕೀಲನೊಬ್ಬನ ಪತ್ರ ಬಂತು. ಗ್ರೀನ್ ಕಾರ್ಡಿನ ಅರ್ಜಿ ವಾಪಸ್ಸಾಗಿದೆ. ಪರೀಕ್ಷಾಲಯದ ಕೆಸರಿನ ಜಾಡಿಯನ್ನು ಯಾರಿಗೂ ತಿಳಿಸದೆ ಹಾಳುಮಾಡಿದ ಆರೋಪ ಅವನ ಮೇಲಿದೆ. ಶೇಷಾದ್ರಿ ಅದನ್ನು ತಾನೇ ಚೆಲ್ಲಿರಬೇಕು. ಆ ಜಾಡಿಯನ್ನು ಅವನು ತನ್ನ ಕೈಯಿಂದ ಮುಟ್ಟಿದ್ದು ಅದೇ ಮೊದಲಿರಬೇಕು ಎಂದುಕೊಂಡು ಕೆಂಪರಾಜು ಪತ್ರವನ್ನು ಮಡಚಿದ.

ಬೆಳಗ್ಗೆ ಹತ್ತು ಗಂಟೆ. ಎರಡು ಪ್ಯಾಂಟು, ನಾಲ್ಕು ಅಂಗಿ, ಚಳಿಗಾಲದ ಕೋಟು ಪೆಟ್ಟಿಗೆಗೆ ಹೋದವು. ಅನ್ನದ ಪಾತ್ರೆಯನ್ನು ಪತ್ರಿಕೆಯಲ್ಲಿ ಸುತ್ತಿದ. ಪಕ್ಕದ ಮನೆಯ ವಿಯೆಟ್ನಾಮಿನ ಮುದುಕಿ ಬಾಗಿಲಲ್ಲಿ ನಿಂತು ಎಲ್ಲಿಗೆ ಎಂದು ಕೈಯಲ್ಲೇ ಕೇಳಿದಳು. ಅವನೂ ಕೈಯಲ್ಲೇ ಗೊತ್ತಿಲ್ಲವೆಂದ. ಫ್ರೆಸ್ನೋ ಕಡೆ ಹಣ್ಣಿನ ಡಬ್ಬಿಗಳ ಕಾರ್ಖಾನೆಯಲ್ಲಿ ವಲಸೆಯ ಕಾಗದ ಕೇಳದೆ ಕೆಲಸ ಕೊಡುತ್ತಾರೆಂದು ಕೇಳಿದ್ದ.

ಫೋನು ಹೊಡೆದುಕೊಂಡಿತು. ಒಳಚರಂಡಿ ಕಚೇರಿಯ ಹೆಂಗಸು.

"ಸ್ಥಾವರದವರು ತಂದುಕೊಟ್ಟ ದಿನಚರಿ ಪುಸ್ತಕದಲ್ಲಿ ಬರೆದಿರುವುದು ನೀವೇನಾ?"

"ನಾನೇ."

"ಹದಿನೆಂಟಕ್ಕೆ ವಿಚಾರಣೆ. ಎಲ್ಲರ ಎದುರಿಗೆ ಇದನ್ನೇ ಹೇಳುತ್ತೀರಾ? ಇದರಿಂದ ನಿಮಗೂ ತೊಂದರೆಯಾಗಬಹುದು."

"ಹೇಳುತ್ತೇನೆ."

"ಈ ಪ್ರಕರಣದಲ್ಲಿ ನೀವು ಯಾರು ಅಂತ ಬರೆದುಕೊಳ್ಳಲಿ? ದೂರು ಕೊಟ್ಟವರಾ?"

ಕೆಂಪರಾಜು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಅಲ್ಲ. ಸಹಿ ಹಾಕಿದವನು ಅಂತ ಬರೆದುಕೊಳ್ಳಿ."

"ನಿಮ್ಮನ್ನು ಎಲ್ಲಿ ಹುಡುಕಬೇಕು?"

"ಹುಡುಕಬೇಡಿ. ಆ ದಿನ ನಾನೇ ಬರುತ್ತೇನೆ."

ಫೋನಿಟ್ಟ. ಪೆಟ್ಟಿಗೆಯನ್ನು ಕಾರಿಗೆ ಹಾಕಿದ. ಬೀಗದ ಕೈಯನ್ನು ಮ್ಯಾನೇಜರನ ಬಾಗಿಲ ಸಂದಿಯಲ್ಲಿ ತಳ್ಳಿ, ದಕ್ಷಿಣದ ಫ್ರೀವೇ ಹಿಡಿದ.